ಟೀಯೊನ ಕೈಪಟ್ಟಿ

ಪೊಟೊಸಿಯ ಬೆಟ್ಟದ ಬೆಳ್ಳಿ ಗಣಿಯಲ್ಲಿ ಸುರಂಗ ಕುಸಿದು ದೂಳು ಅಡಗಿದಾಗ, ಬಂಡೆಯ ಹಿಂದೆ ಸಿಕ್ಕಿಕೊಂಡಿದ್ದವರು ಇಬ್ಬರು: ಸಾತುರ್ನೀನೊ ಮತ್ತು ಅವನ ಹೆಂಡತಿಯ ತಮ್ಮ ಗುಮೆರ್ಸಿಂದೊ. ನಿಂತರೆ ತಲೆಗೆ ಕಲ್ಲು, ಕಾಲು ಚಾಚಿದರೆ ಕಲ್ಲು. ಸಂಜೆಯವರೆಗೆ ಯಾರೂ ಹುಡುಕುವುದಿಲ್ಲ. ಒಳಗಿದ್ದ ಗಾಳಿ ಅಷ್ಟು ಹೊತ್ತು ಸಾಲುವ ಹಾಗಿರಲಿಲ್ಲ.

"ನಿನ್ನ ಕೈಪಟ್ಟಿ ಎಲ್ಲೋ?"

"ಟೀಯೊನ ಕೈಲಿದೆ ಭಾವ."

ಸುರಂಗದ ತಿರುವಿನಲ್ಲಿ ಕೂತ ಕೊಂಬಿನ ಮಣ್ಣಿನ ಮೂರ್ತಿಯೇ ಗಣಿಯ ಒಡೆಯ ಟೀಯೊ. ಶುಕ್ರವಾರ ಉಳಿದವರೆಲ್ಲ ಅವನಿಗೆ ಸಿಗರೇಟು, ಸಾರಾಯಿ ಕೊಟ್ಟರೆ ಗುಮೆರ್ಸಿಂದೊ ಪಟ್ಟಿಯನ್ನೇ ಕಟ್ಟಿ ಬಂದಿದ್ದ.

"ಗಣಿಯ ಡಾಕ್ಟರಮ್ಮ ಕೊಟ್ಟಿದ್ದು ನಿನ್ನ ಎದೆ ನೋಡೋಕೆ, ಆ ಕೊಂಬಿನವನದ್ದಲ್ಲ."

"ಅವನು ನಮ್ಮನ್ನ ಕಾಯ್ತಾನೆ. ಅವನನ್ನ ನೋಡೋರು ಯಾರಿದ್ದಾರೆ ಅಂತ ಕಟ್ಟಿದೆ."

ಬೈದು ಉಸಿರು ಖರ್ಚು ಮಾಡುವ ಹೊತ್ತಲ್ಲ. ಗಣಿಯವರೆಲ್ಲ ಕಟ್ಟಿಕೊಳ್ಳುವ ಈ ಪಟ್ಟಿಗಳು ಬ್ಯಾಟರಿ ಉಳಿಸಲು ಎದೆಬಡಿತ ತೀರಾ ಏರಿದಾಗ ಮಾತ್ರ ಸುದ್ದಿ ಕಳಿಸುತ್ತವೆ. ಸುದ್ದಿ ಹೋಗುವುದು ಮೂವತ್ತು ಹೆಜ್ಜೆ. ಅಲ್ಲಿರುವವನ ಪಟ್ಟಿ ಅದನ್ನು ಎತ್ತಿಕೊಂಡು ಮುಂದಿನವನಿಗೆ ದಾಟಿಸಬೇಕು, ಹಾಗೆ ಗಣಿಯ ಬಾಯಿಯವರೆಗೆ. ಎತ್ತಿಕೊಂಡರೆ ಹಸಿರು ದೀಪ ಮಿನುಗುತ್ತದೆ. ಸುರಂಗ ಕುಸಿದಾಗ ಸಾತುರ್ನೀನೊನ ಎದೆ ಹಾರಿತ್ತು, ದೀಪ ಮಿನುಗಿರಲಿಲ್ಲ.

"ಬಂಡೆಯಾಚೆ ಟೀಯೊ ಕೂತ ತಿರುವು ಇಪ್ಪತ್ತೇ ಹೆಜ್ಜೆ," ಎಂದ ಗುಮೆರ್ಸಿಂದೊ. "ಟೀಯೊಗೆ ಎದೆಬಡಿತ ಇಲ್ಲ, ಅದಕ್ಕೇ ಅವನ ಪಟ್ಟಿ ಮಲಗಿದೆ. ಮಲಗಿರೋದು ಹತ್ತು ನಿಮಿಷಕ್ಕೊಂದು ಸಲ ಕಿವಿ ತೆರೆಯುತ್ತೆ ಅಂತ ಡಾಕ್ಟರಮ್ಮ ಅಂದಿದ್ರು."

"ಹಾಗಾದ್ರೆ ಹತ್ತು ನಿಮಿಷ ಎದೆಬಡಿತ ಇಳಿಯೋಕೆ ಬಿಡಬಾರದು."

"ನಿಮ್ಮ ಪಟ್ಟಿ ಕೊಡಿ ಭಾವ, ನಾನು ಕುಣೀತೀನಿ."

"ನಿನ್ನ ಎದೆ ಏರೋಷ್ಟರಲ್ಲಿ ಇರೋ ಗಾಳಿಯೆಲ್ಲ ಮುಗಿಯುತ್ತೆ. ದೂಳು ತಿಂದ ನನ್ನ ಎದೆಗೆ ನಾಲ್ಕು ಸಲ ಎದ್ದು ಕೂತರೆ ಸಾಕು. ನೀನು ಮಲಕ್ಕೊ."

ಅವನು ತಲೆ ಬಗ್ಗಿಸಿ ಎದ್ದ, ಕೂತ, ಎದ್ದ. ಎದೆ ಪಕ್ಕೆಗೆ ಗುದ್ದಿತು. ಗಾಳಿ ದಪ್ಪಗಾಯಿತು. ಗುಮೆರ್ಸಿಂದೊ ನೆಲಕ್ಕೆ ಮುಖವಿಟ್ಟು, ಮೆಲ್ಲಗೆ ಉಸಿರಾಡುತ್ತ, ನಿಮಿಷ ಎಣಿಸಿದ. ಎಂಟಕ್ಕೆ ಸಾತುರ್ನೀನೊನ ಮಂಡಿ ಮಡಚಿತು. ಗೋಡೆ ಹಿಡಿದು ಮತ್ತೆ ಎದ್ದ.

ಹಸಿರು ಒಮ್ಮೆ ಮಿನುಗಿ ಆರಿತು.

"ಎತ್ಕೊಂಡ," ಎಂದು ಸಾತುರ್ನೀನೊ ಕುಸಿದು ಕೂತ. "ಮುಂದೆ ದಾಟಿಸಿದನೋ ಇಲ್ಲವೋ."

ಅದನ್ನು ತಿಳಿಯುವ ದಾರಿ ಇರಲಿಲ್ಲ. ಇಬ್ಬರೂ ಹಸಿವು ದಣಿವು ಮರೆಸುವ ಕೋಕಾ ಎಲೆ ಕೆನ್ನೆಗಿಟ್ಟುಕೊಂಡು, ಕಲ್ಲಿನ ಹಾಗೆ ಅಲುಗದೆ ಬಿದ್ದುಕೊಂಡರು. ಎಲೆಯ ರುಚಿ ಸಪ್ಪೆಯಾಯಿತು. ತಲೆ ಭಾರವಾಯಿತು.

ಆಮೇಲೆ ಬಂಡೆಯಾಚೆ ಸುತ್ತಿಗೆ ಮೂರು ಸಲ ಬಡಿಯಿತು.

ಗುಮೆರ್ಸಿಂದೊ ಎದ್ದು ಕೂತ.

"ಮಲಕ್ಕೊ," ಎಂದ ಸಾತುರ್ನೀನೊ. "ಅವರು ಇನ್ನೂ ಅಗೆಯೋದಿದೆ. ನಿನ್ನ ಪಟ್ಟಿ ಟೀಯೊನ ಹತ್ತಿರವೇ ಇರಲಿ."