ಸಾಹೇಬರಿಗಾಗಿ ಗುಡಿಸಿದ ಗುಡ್ಡ

ಸಾಹೇಬರ ಮನಸ್ಸನ್ನು ತನಗಿಂತ ಚೆನ್ನಾಗಿ ಬಲ್ಲವರಿಲ್ಲ ಎಂದು ದೊಡ್ಡಪ್ಪ ನಂಬಿದ್ದ. ಗುಡ್ಡದ ಜನರಲ್ಲಿ ಪೇಟೆಯ ಕಚೇರಿಯೊಳಗೆ ಕಾಲಿಟ್ಟವನು ಅವನೊಬ್ಬನೇ. ಕಾಲಿಟ್ಟದ್ದು ಕಸ ಗುಡಿಸಲು ಎಂಬುದನ್ನು ಮಾತ್ರ ಮಾತಿನ ಭರದಲ್ಲಿ ನುಂಗಿಬಿಡುತ್ತಿದ್ದ.

ಗುಡ್ಡ ತಲೆತಲಾಂತರದಿಂದ ಇವರದೇ ಹೌದೋ ಅಲ್ಲವೋ ಎಂದು ನೋಡಲು ಸರ್ವೆಯವರು ಬರುವವರಿದ್ದರು. ಹೌದೆಂದರೆ ಕಾನೂನಿನಲ್ಲೂ ಇವರದು. ಅಲ್ಲವೆಂದರೆ ಮರ ಕಡಿಯುವ ಕಂಪನಿಯದು.

"ಸಾಹೇಬರಿಗೆ ಕೊಳಕು ಕಂಡ್ರೆ ಆಗಲ್ಲ. ಮೇಜಿನ ಮೇಲೆ ಟೀ ಕಲೆ ಇದ್ರೂ ಮುಖ ಸಿಂಡರಿಸ್ತಾರೆ. ಗುಡ್ಡ ಪೂರ್ತಿ ಗುಡಿಸಿ!" ಎಂದು ದೊಡ್ಡಪ್ಪ ಎಲ್ಲರಿಗೂ ಅಪ್ಪಣೆ ಮಾಡಿದ.

ಈ ಜನರಲ್ಲಿ ಬೇಲಿಯೆಂಬುದಿಲ್ಲ. ಅಜ್ಜಿಯ ಒಲೆ ಎಲ್ಲಿದೆಯೋ ಅದೇ ಮೊಮ್ಮಕ್ಕಳ ಜಾಗ. ಆ ಹಳೆಯ ಒಲೆಗಳ ಕಲ್ಲುಗಳೆಲ್ಲ ಅಂದು ಕಣಿವೆಗೆ ಉರುಳಿದವು. ಬೂದಿಯ ಮೇಲೆ ಮಣ್ಣು ಬಿತ್ತು. ದೊಡ್ಡಪ್ಪನ ಅಕ್ಕ ಮಾತ್ರ ಜಗ್ಗಲಿಲ್ಲ.

"ನಂಗೆ ಸೊಂಟ ನೋವು. ಅಜ್ಜಿ ಒಲೆ ಬೇಕಾದ್ರೆ ನೀನೇ ಕಿತ್ಕೋ."

"ನಿನ್ನಂಥ ಸೋಮಾರಿಗಳಿಂದ್ಲೇ ನಾವು ಉದ್ಧಾರ ಆಗ್ದೇ ಇರೋದು!" ಎಂದು ಗುಡುಗಿದ ದೊಡ್ಡಪ್ಪ ಕಲ್ಲಿಗೆ ಕೈಹಾಕಿದ. ಅವನ ಸೊಂಟವೂ ಹಿಡಿದುಕೊಂಡಿತು. ಕಲ್ಲು ಅಲುಗದ್ದರಿಂದ, ಮರುದಿನ ಬೆಳಿಗ್ಗೆ ಒಲೆ ಕಾಣದಂತೆ ಚಾಪೆ ಹಾಸಿ, ಅಕ್ಕನನ್ನು ಅದರ ಮೇಲೆ ಕೂರಿಸಿದ.

ಸರ್ವೆಗೆ ಬಂದದ್ದು ಸಾಹೇಬರಲ್ಲ, ಕೆಸರು ಮೆತ್ತಿದ ಬೂಟಿನ ಒಬ್ಬರು ಮೇಡಂ. ದೊಡ್ಡಪ್ಪನ ವಿದ್ಯೆ ಅರ್ಧ ಅಲ್ಲೇ ಇಳಿಯಿತು. ಆಕೆ ಸುತ್ತಲೂ ನೋಡಿದಳು.

"ಹಳೇ ಒಲೆ, ಬೂದಿ ಏನೂ ಇಲ್ವಾ? ಹಿಂದಿನಿಂದ್ಲೂ ಇಲ್ಲಿದ್ರಿ ಅನ್ನೋದಕ್ಕೆ ಅದೇ ಸಾಕ್ಷಿ."

"ಎಲ್ಲಾ ಇತ್ತು ಮೇಡಂ. ನಿನ್ನೆ ಕ್ಲೀನ್ ಮಾಡಿಸ್ದೆ."

"ಯಾಕೆ?"

"ನೀವು ಬರ್ತೀರಿ ಅಂತ."

ಮೇಡಂ ಕನ್ನಡಕ ತೆಗೆದು ಅವನನ್ನೇ ನೋಡಿದಳು. "ಕಂಪನಿಯವ್ರೂ ಇಷ್ಟು ಚೆನ್ನಾಗಿ ಮಾಡ್ತಿರ್ಲಿಲ್ಲ."

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ದೊಡ್ಡಪ್ಪನಿಗೆ. ಆದರೆ ಆ ನೆಲವನ್ನೂ ಅವನೇ ಸಾರಿಸಿಟ್ಟಂತೆ ಮಟ್ಟಮಾಡಿದ್ದ. ಮೆಲ್ಲಗೆ ಚಾಪೆಯ ಬಳಿ ಹೋದ.

"ಅಕ್ಕಾ, ಸ್ವಲ್ಪ ಏಳೇ."

"ಸೋಮಾರಿ ಕಣಪ್ಪ ನಾನು. ಏಳೋಕಾಗುತ್ತಾ?"

"ನಿನ್ ಕಾಲಿಗೆ ಬೀಳ್ತೀನಿ."

"ಬೀಳ್ಬೇಡ, ಸೊಂಟ ಹಿಡ್ಕೊಳ್ಳುತ್ತೆ. ಸೋಮಾರಿ ಯಾರು ಅಂತ ಎಲ್ರಿಗೂ ಕೇಳೋ ಹಾಗೆ ಹೇಳು."

"ನಾನೇ!" ದೊಡ್ಡಪ್ಪ ಕೂಗಿದ. "ಸೋಮಾರಿನೂ ನಾನೇ, ದಡ್ಡನೂ ನಾನೇ!"

"ಎರಡನೇದು ನಾನು ಕೇಳಿರ್ಲಿಲ್ಲ," ಎನ್ನುತ್ತಾ ಅಕ್ಕ ಎದ್ದಳು.

ಚಾಪೆಯಡಿಯ ಕಪ್ಪು ಕಲ್ಲುಗಳ ನಡುವೆ ಮೇಡಂ ಅಗೆದಳು. ಬೂದಿ, ಮಣ್ಣು, ಮತ್ತೆ ಬೂದಿ. ಅಗೆದಷ್ಟೂ ಅಜ್ಜಿಯರು.

"ಇದು ನಿಮ್ಮದೇ ಜಾಗ ಅಂತ ಬರೀತೀನಿ," ಎಂದಳು ಮೇಡಂ. "ಉಳಿದ ಒಲೆಗಳ ಬೂದಿನೂ ಮಣ್ಣಲ್ಲಿ ಎಲ್ಲೂ ಹೋಗಿರಲ್ಲ. ಜಾಗ ತೋರ್ಸಿ, ಅಗೆಸಿ."

ಸಂಜೆಯವರೆಗೆ ಹಾರೆ ದೊಡ್ಡಪ್ಪನ ಕೈಯಲ್ಲೇ ಇತ್ತು. ಒಂದೊಂದೇ ಒಲೆಯ ಬೂದಿ ಮೇಲೆ ಬಂತು. ಕೊನೆಯ ಗುಂಡಿಯ ಬಳಿ ಮೇಡಂ ಬೂಟಿಗೆಲ್ಲ ಬೂದಿ ಮೆತ್ತಿತು. ಅಯ್ಯೋ ಎಂದು ದೊಡ್ಡಪ್ಪನ ಕೈ ತಾನಾಗಿ ಪೊರಕೆಯತ್ತ ಹೋಯಿತು.

"ಲೋ!" ಆಚೆ ಬದಿಯಿಂದ ಅಕ್ಕ ಚೀರಿದಳು. "ಅದನ್ನ ಕೆಳಗಿಡೋ!"