ಬಿಟ್ಟುಹೋದ ಕ್ರಾವಡಿ

"ಇನ್ನೊಮ್ಮೆ ಓದು ಮಾರಾಯ್ತಿ. ನಿಧಾನ."

ಮಧುಮತಿ ಲ್ಯಾಪ್‌ಟಾಪನ್ನು ಅಡುಗೆಮನೆಯ ಮೇಜಿನ ಮೇಲೆ ಐರಿನ್ ಆಂಟಿಯ ಕಡೆ ತಿರುಗಿಸಿ ಮೂರನೆಯ ಸಲ ಓದಿದಳು. ಐನೂರೈವತ್ತು ವರ್ಷಗಳ ಹಿಂದೆ ಬಿಷಪ್ಪನ ಕಡೆಯ ಅಧಿಕಾರಿಯೊಬ್ಬ ಊರೂರಿನ ಇಗರ್ಜಿಗಳನ್ನು ತಪಾಸಣೆ ಮಾಡುತ್ತ ಬರೆದ ಹಾಳೆಯ ಫೋಟೊ ಅದು. ಪಾದ್ರಿ ಕುಡಿಯುತ್ತಾನೆ, ಗಂಟೆ ಬಿರುಕು ಬಿಟ್ಟಿದೆ, ಹಂದಿಗಳು ಸಮಾಧಿಗಳನ್ನು ಕೆದಕುತ್ತವೆ ಎಂದೆಲ್ಲ ದೂರುಗಳಾದ ಮೇಲೆ ಕೊನೆಗೊಂದು ಸಾಲು: ಹುಟ್ಟುವ ಮೊದಲೇ ಸತ್ತ ಕೂಸುಗಳು 'ಟೌಫ್'ನ ಅಡಿ ಮಲಗಿವೆ.

ಟೌಫ್ ಎಂದರೆ ಜ್ಞಾನಸ್ನಾನ; ಅದಾಗದೆ ಸತ್ತವರಿಗೆ ಆ ಕಾಲದಲ್ಲಿ ಇಗರ್ಜಿಯ ಪವಿತ್ರ ನೆಲದಲ್ಲಿ ಜಾಗವಿರಲಿಲ್ಲ. ಐವತ್ತಮೂರು ವರ್ಷಗಳಿಂದ ಜರ್ಮನಿಯಲ್ಲಿದ್ದು, ಅದರಲ್ಲಿ ಮೂವತ್ತೆಂಟು ವರ್ಷ ನರ್ಸಾಗಿದ್ದ ಐರಿನ್ ಆಂಟಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಆ ಹಳೆಯ ಕೈಬರಹ ಮಾತ್ರ ಅವರ ಕಣ್ಣಿಗೆ ಇರುವೆ ಸಾಲು.

"ಅಂದ್ರೆ ಜ್ಞಾನಸ್ನಾನ ಆದವರ ಒಟ್ಟಿಗೇ ಸೇರಿಸಿದ್ರು. ಸತ್ತು ಹುಟ್ಟಿದ್ದನ್ನು ಸಹ."

"ಹಂಗ ಕಾಣತದರೀ ಆಂಟಿ."

"ಕಾಣತದಾ? ಹೌದಾ ಅಲ್ವಾ ಹೇಳು. ನಿನ್ನ ಬಾಯಿಂದ ಒಂದು ಮಾತು ತೆಗೀಲಿಕ್ಕೆ ಹಲ್ಲು ಕೀಳೋ ಇಕ್ಕಳ ಬೇಕು."

"ಹೌದ್ರೀ," ಎಂದಳು ಮಧುಮತಿ, ನಗುತ್ತ.

ಆ ನಗುವೇ ಆಮೇಲೆ ಅವಳನ್ನು ಹೆಚ್ಚು ಸುಟ್ಟಿತು. ಬಾಗಲಕೋಟೆಯ ಹುಡುಗಿ, ಹೈಡೆಲ್‌ಬರ್ಗಿಗೆ ಮಧ್ಯಯುಗದ ಇತಿಹಾಸ ಓದಲು ಬಂದು, ಐರಿನ್ ಆಂಟಿಯ ಮನೆಯ ಮೇಲಿನ ಕೋಣೆಯಲ್ಲಿ ಎರಡು ವರ್ಷದಿಂದ ಬಾಡಿಗೆಗಿದ್ದಳು. ಜ್ಞಾನಸ್ನಾನ ಅವಳಿಗೆ ಟಿಪ್ಪಣಿಯಲ್ಲಿ ಬರುವ ಒಂದು ಪದ. ಆಂಟಿಗೆ ಅದು ನಲವತ್ತಾರು ವರ್ಷಗಳ ಮಾತು. ಸತ್ತೇ ಹುಟ್ಟಿದ ಹೆಣ್ಣುಮಗುವನ್ನು ಅವರಿಗೆ ತೋರಿಸಿರಲಿಲ್ಲ. ಆಸ್ಪತ್ರೆಯವರು ಎಲ್ಲಿಗೆ ಒಯ್ದರೋ ಹೇಳಲಿಲ್ಲ. ಮಂಚದ ಪಕ್ಕ ಬಂದು ಕೂತ ಮುದಿ ಪಾದ್ರಿಯೊಬ್ಬರು, ಜ್ಞಾನಸ್ನಾನವಿಲ್ಲದ ಕೂಸಿಗಾಗಿ ದೇವರಲ್ಲಿ ಬೇಡಿಕೊಳ್ಳಬೇಡಮ್ಮ, ಮುಂದಿನದಕ್ಕಾಗಿ ಬೇಡಿಕೋ ಎಂದಿದ್ದರು. ಮುಂದಿನದು ಬರಲಿಲ್ಲ. ಗಂಡ ಇಗ್ನೇಶಿಯಸ್ ಸಾಯುವವರೆಗೂ ಆ ಮಾತನ್ನು ಮನೆಯಲ್ಲಿ ಎತ್ತಲಿಲ್ಲ.

"ಈಗಿನ ಪಾದ್ರಿ ಒಳ್ಳೆಯವರು. ದೇವರ ಕರುಣೆ ದೊಡ್ಡದು ಅಂತಾರೆ," ಎಂದಿದ್ದರು ಆಂಟಿ. "ಈಗಿನವರು ಎಲ್ಲರಿಗೂ ಒಳ್ಳೇದೇ ಹೇಳ್ತಾರೆ. ಆ ಕಟ್ಟುನಿಟ್ಟಿನ ಕಾಲದಲ್ಲೇ ಇಂಥ ಕೂಸನ್ನು ಒಪ್ಪಿದ್ರಾ? ಅದು ಗೊತ್ತಾಗ್ಬೇಕು ನಂಗೆ."

ಈಗ ಗೊತ್ತಾಗಿತ್ತು. ಆಂಟಿ ಎದ್ದು ಕೈತೊಳೆಯುವ ನೆವದಲ್ಲಿ ನಲ್ಲಿಯ ಮುಂದೆ ಬಹಳ ಹೊತ್ತು ನಿಂತರು.

ಅದು ಶನಿವಾರ. ಮಂಗಳವಾರ ವಿಶ್ವವಿದ್ಯಾಲಯದಲ್ಲಿ ಅವಳ ಪ್ರೊಫೆಸರಮ್ಮ ಮಧುಮತಿಯನ್ನು ಕರೆದು, ಆ ಹಳೆಯ ಹಾಳೆಯ ಫೋಟೊದ ಕೊನೆಯ ಸಾಲಿನ ಮೇಲೆ ಪೆನ್ಸಿಲ್ ಇಟ್ಟರು. 'ಟಿ' ಅಕ್ಷರದ ನೆತ್ತಿಯ ಮೇಲೆ ನೊಣದ ಕಾಲಿನಷ್ಟು ಸಣ್ಣ ಗೆರೆಯಿತ್ತು. ಕಾಗದ ಉಳಿಸಲು ಆ ಕಾಲದ ಬರಹಗಾರರು 'ಆರ್' ಅನ್ನು ಹಾಗೆ ಮೇಲೇರಿಸಿಬಿಡುತ್ತಿದ್ದರು.

ಟೌಫ್ ಅಲ್ಲ, ಟ್ರೌಫ್. ಕನ್ನಡದಲ್ಲಾದರೆ ಒಂದು ಕ್ರಾವಡಿಯ, ಅಂದರೆ ಒಂದು ರ-ಒತ್ತಿನ, ಅಂತರ. ಎರಡನೆಯ ಇಯತ್ತೆಯಲ್ಲಿ ಕ್ರಾವಡಿ ಬಿಟ್ಟದ್ದಕ್ಕೆ ಶಾಲೆಯ ಅಕ್ಕೋರು ಅವಳ ಬೆರಳ ಗೆಣ್ಣಿಗೆ ಪಟ್ಟಿಯಿಂದ ಹೊಡೆದಿದ್ದರು. ಟ್ರೌಫ್ ಎಂದರೆ ಸೂರು, ಛಾವಣಿಯ ನೀರು ಇಳಿಯುವ ಅಂಚು. ಕೂಸುಗಳು ಮಲಗಿದ್ದದ್ದು ಜ್ಞಾನಸ್ನಾನದ ಅಡಿ ಅಲ್ಲ, ಇಗರ್ಜಿಯ ಸೂರಿನಡಿ. ಪವಿತ್ರ ನೆಲದಲ್ಲಿ ಜಾಗ ಸಿಗದೆ, ಗೋಡೆಗೆ ಒತ್ತಿ. ಈ ಬೇಸಿಗೆಯಲ್ಲಿ ಪುರಾತತ್ವದವರು ಆ ಇಗರ್ಜಿಯ ಸುತ್ತ ಅಗೆದಾಗ ಎಳೆಯ ಮೂಳೆಗಳು ಸಿಕ್ಕದ್ದೂ ಅಲ್ಲಿಯೇ.

"ಎಲ್ಲರೂ ಮಾಡುವ ತಪ್ಪು," ಎಂದರು ಪ್ರೊಫೆಸರಮ್ಮ. ಅಗೆದಾಗ ಸಿಕ್ಕದ್ದನ್ನು ತೋರಿಸಲು ಭಾನುವಾರ ಆ ಊರಿನ ಇಗರ್ಜಿಯಲ್ಲಿ ಆಗುವ ಪ್ರದರ್ಶನದ ಫಲಕದಲ್ಲಿ ಆ ಪದವನ್ನು ಮಧುಮತಿಯೇ ತಿದ್ದಿದಳು. ಅದರ ಕೆಳಗೆ ಎರಡು ಸಾಲು ಸೇರಿಸಿದ್ದಳು: ಇಗರ್ಜಿಯ ಛಾವಣಿಯ ಮೇಲಿಂದ ಇಳಿದ ಮಳೆನೀರು ಪವಿತ್ರವಾಗಿ ಕೂಸುಗಳ ಮೇಲೆ ಬೀಳಲಿ, ಪಾದ್ರಿ ಕೊಡದ ಜ್ಞಾನಸ್ನಾನವನ್ನು ಮಳೆಯಾದರೂ ಕೊಡಲಿ ಎಂದು ತಾಯಂದಿರು ನಂಬಿದ್ದಿರಬೇಕು. ಅದನ್ನು ಪ್ರೊಫೆಸರಮ್ಮ ಹೊಡೆದುಹಾಕಿದರು. ಬೇರೆ ಊರುಗಳ ದಾಖಲೆಯಲ್ಲಿ ಅದು ಇದ್ದರೂ, ಈ ಊರಿನ ಕಾಗದದಲ್ಲಿ ಇಲ್ಲದ್ದು ಫಲಕಕ್ಕೆ ಬೇಡ ಎಂದರು.

ಟ್ರಾಮಿನಲ್ಲಿ ಮನೆಗೆ ಬರುವಾಗ ಮಧುಮತಿ ಮಾತನ್ನು ಜೋಡಿಸಿಕೊಂಡಳು. ಆಂಟಿ, ನಂದು ತಪ್ಪಾತು. ಬಾಗಿಲು ತೆಗೆದರೆ ಐರಿನ್ ಆಂಟಿ ನೀರ್‌ದೋಸೆ ಹೊಯ್ಯುತ್ತ ಕೊಂಕಣಿಯಲ್ಲಿ ಏನೋ ಗುನುಗುತ್ತಿದ್ದರು. ಎರಡು ವರ್ಷದಲ್ಲಿ ಅವರು ಹಾಡಿದ್ದನ್ನು ಅವಳು ಕೇಳಿರಲೇ ಇಲ್ಲ. ತಟ್ಟೆ ಹಿಡಿದು ಕೂತಳು, ತಿಂದಳು, ಮೇಲೆ ಹೋದಳು. ಡೈರಿಯಲ್ಲಿ ಆ ಮಾತನ್ನು ಪೂರ್ತಿ ಬರೆದಳು. ಬರೆದಾದ ಮೇಲೆ ಹೇಳಿದಷ್ಟೇ ಹಗುರವಾಯಿತು. ಅದೇ ಅವಳ ಹಳೆಯ ರೋಗ. ಬುಧವಾರ, ಗುರುವಾರ, ಶುಕ್ರವಾರ ಹಾಗೇ ಹೋದವು. ಶನಿವಾರ, ನಾಳೆ ಪ್ರದರ್ಶನಕ್ಕೆ ಬರಬೇಡಿ, ಬಸ್ಸು ಬದಲಿಸಬೇಕು, ಚಳಿ ಅಂದಳು.

"ಹೋಗೇ, ಚಳಿ ಅಂತೆ! ನಿನಗಿಂತ ಮೊದಲು ಬಂದವಳು ನಾನು ಈ ದೇಶಕ್ಕೆ," ಎಂದರು ಆಂಟಿ.

ಭಾನುವಾರ ಅವರು ನೀಲಿ ರೇಷ್ಮೆ ಸೀರೆ ಉಟ್ಟು, ಮೇಲೆ ಕೋಟು ಹಾಕಿ ಬಂದರು. ಇಗರ್ಜಿಯೊಳಗೆ ಜನ ಕಾಫಿ ಕಪ್ಪು ಹಿಡಿದು ಓಡಾಡುತ್ತಿದ್ದರು. ಆಂಟಿ ನೇರ ಫಲಕದ ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡರು. ಅಚ್ಚಿನ ಅಕ್ಷರ, ಅವರಿಗೆ ನೀರು ಕುಡಿದಷ್ಟು ಸಲೀಸಾದ ಭಾಷೆ. ಮಧುಮತಿ ಕಂಬದ ಪಕ್ಕ ನಿಂತು ಅವರ ಬೆನ್ನು ನೋಡುತ್ತಿದ್ದಳು. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಆಂಟಿ ಆ ಸಾಲಿಗೆ ಬರುವ ಮುಂಚೆ ಅವರನ್ನು ತಲುಪಬಹುದಿತ್ತು. ಇಡಲಿಲ್ಲ. ಆಂಟಿಯ ಬೆರಳು ಗಾಜಿನ ಮೇಲೆ ಒಂದು ಪದದಡಿ ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ಅಲ್ಲಿಗೇ ಬಂತು. ಆಮೇಲೆ ಕನ್ನಡಕ ತೆಗೆದು ಡಬ್ಬಿಗೆ ಹಾಕಿಕೊಂಡು, ಯಾರನ್ನೂ ನೋಡದೆ ಹೊರಗೆ ನಡೆದರು.

ಬಸ್ ನಿಲ್ದಾಣದ ಬೆಂಚಿನಲ್ಲಿ ಅವರ ಪಕ್ಕ ಕೂರಲು ಮಧುಮತಿಗೆ ಧೈರ್ಯವಾಗಲಿಲ್ಲ.

"ಯಾವಾಗ ಗೊತ್ತಾಯ್ತು ನಿಂಗೆ?"

"ಮಂಗಳವಾರ ರೀ."

"ಮಂಗಳವಾರ." ಆಂಟಿ ತಲೆ ಅಲ್ಲಾಡಿಸಿದರು. "ನಾನು ಊರಿಗೆ, ಶಿರ್ವಕ್ಕೆ, ಅಕ್ಕನಿಗೆ ಫೋನ್ ಮಾಡಿದ್ದು ಬುಧವಾರ. ಮಗುಗೆ ಹೆಸರಿಟ್ಟೆ ಅಂತ ಹೇಳಿದೆ. ಜೆಸಿಂತಾ. ಅಕ್ಕ ಶುಕ್ರವಾರ ಇಗರ್ಜಿಯಲ್ಲಿ ಮಗುವಿನ ಹೆಸರಲ್ಲಿ ಪೂಜೆ ಕೊಟ್ಟಳು. ಪಾದ್ರಿ ಹೆಸರು ಓದಿದ್ರಂತೆ, ಇಡೀ ಇಗರ್ಜಿ ಕೇಳಿತಂತೆ. ಮಂಗಳವಾರ ಹೇಳಿದ್ರೆ ಆಗ್ತಿತ್ತಲ್ಲ ಮಗಾ."

ಮಗಾ ಎಂದದ್ದನ್ನು ಮಧುಮತಿಗೆ ತಡೆದುಕೊಳ್ಳಲಾಗಲಿಲ್ಲ. ಐದು ದಿನ ಹೇಳದೆ ಉಳಿದದ್ದು ಒಮ್ಮೆಲೇ ಹೊರಬಿತ್ತು. "ಆಂಟಿ, ಅವರವ್ವಂದಿರು ಬಿಟ್ಟುಕೊಟ್ಟಿರಲಿಲ್ರೀ. ಸೂರಿನ ನೀರು ಬೀಳಲಿ ಅಂತನ ಅಲ್ಲಿ ಇಟ್ಟಾರ. ಗುಡಿ ಮ್ಯಾಲಿನ ನೀರು. ಅದೂ ಜ್ಞಾನಸ್ನಾನನ ಅಂತ ನಂಬಿದ್ರು ಅವರು. ಖರೇನರಿ."

ಆಂಟಿ ಅವಳನ್ನೇ ನೋಡಿದರು. ರೋಗಿ ಸುಳ್ಳು ಹೇಳುತ್ತಾನೋ ನಿಜಕ್ಕೂ ನೋವಾಗಿದೆಯೋ ಎಂದು ಅಳೆಯುವ ಹಳೆಯ ನರ್ಸಿನ ನೋಟ.

"ಅದು ಆ ಹಾಳೇಲಿ ಉಂಟಾ?"

"ಹಾಳ್ಯಾಗ ಇಲ್ರೀ. ಆದ್ರ ಬ್ಯಾರೆ ಊರಾಗ..."

"ಶನಿವಾರ ಸಹ ನೀನು ಹೌದು ಅಂದೆ."

ಜೀವಮಾನದಲ್ಲಿ ಅವಳು ಇಷ್ಟು ನಿಜವಾದ ಮಾತನ್ನು ಆಡಿರಲಿಲ್ಲ. ಮಂಗಳವಾರ, ದೋಸೆಯ ಕಾವಲಿಯ ಪಕ್ಕ ನಿಂತು ತಪ್ಪನ್ನೂ ಇದನ್ನೂ ಒಟ್ಟಿಗೇ ಹೇಳಿದ್ದರೆ, ಆಂಟಿ ಅತ್ತಾದರೂ ನಂಬುತ್ತಿದ್ದರು. ಈಗ ಅದು ಸಮಾಧಾನಕ್ಕೆ ಹೇಳಿದ ಮಾತಾಗಿತ್ತು, ಈಗಿನ ಪಾದ್ರಿಗಳು ಹೇಳುವಂಥದ್ದು.

"ಇಟ್ಟ ಹೆಸರು ವಾಪಸು ತೆಗೀಲಿಕ್ಕೆ ಬರೋದಿಲ್ಲ," ಎಂದರು ಐರಿನ್ ಆಂಟಿ, ರಸ್ತೆಯ ಕಡೆ ತಿರುಗಿ. "ಆದ್ರೆ ಅವಳನ್ನು ಕರೀಬೇಕಾದ್ರೆ ಯಾವ ದಿಕ್ಕಿಗೆ ಮುಖ ಮಾಡೋದು, ಹೇಳು."

ಬಸ್ಸು ಬಂತು. ಆಂಟಿ ಸೀರೆಯ ನೆರಿಗೆ ಎತ್ತಿ ಹಿಡಿದು ಮುಂದಿನ ಬಾಗಿಲಿನಿಂದ ಹತ್ತಿದರು. ಹಿಂದಿನ ಬಾಗಿಲೂ ತೆರೆದು, ಮಧುಮತಿ ಹತ್ತುವವರೆಗೆ ಕಾದು, ಮುಚ್ಚಿಕೊಂಡಿತು.