ಮೂರು ಸಲ ಬಿದ್ದವನು

"ಆಮೇಲೆ ಯಾವತ್ತಾದ್ರೂ ಮೂರ್ಛೆ ಬಂದಿತ್ತಾ?" ಎಂದು ಕೇಳುತ್ತ ಡಾಕ್ಟರಮ್ಮ ಅವನ ತೋಳಿಗೆ ಸುತ್ತಿದ್ದ ಬಿ.ಪಿ. ಪಟ್ಟಿಯನ್ನು ಬಿಚ್ಚಿದರು.

"ಯಾವುದಾದ ಮೇಲೆ?"

"ಆ ಮೂರು ಸಲ ಆದ್ಮೇಲೆ."

ಪೈಲಟ್ ಮಡಚಿದ ಅಂಗಿತೋಳನ್ನು ಇಳಿಸುವುದನ್ನೇ ಮರೆತು ಕುಳಿತ. ಅವನಿಗೀಗ ನಲವತ್ತೆಂಟು. ವಾಯುಸೇನೆ ಬಿಟ್ಟು ಹದಿನಾಲ್ಕು ವರ್ಷವಾಗಿ ಅಂಗೈಯ ಗೆರೆಗಳಲ್ಲೆಲ್ಲ ಈರುಳ್ಳಿ ಹೊಲದ ಮಣ್ಣು ಕೂತಿದ್ದರೂ ಸುತ್ತಮುತ್ತಲಿನವರು ಅವನನ್ನು ಇನ್ನೂ ಪೈಲಟ್ ಎಂದೇ ಕರೆಯುತ್ತಿದ್ದರು. ಟ್ರ್ಯಾಕ್ಟರ್ ತಿರುಗಿಸುವಾಗ ಅವನ ಮೈ ತಾನಾಗಿ ಒಂದು ಪಕ್ಕಕ್ಕೆ ವಾಲುತ್ತಿತ್ತು. "ಅಷ್ಟೊಂದು ವಾಲಬೇಡಪ್ಪ, ಅದಕ್ಕೆ ರೆಕ್ಕೆ ಇಲ್ಲ" ಎಂದು ಪಕ್ಕದ ಹೊಲದವನು ಬದುವಿನ ಮೇಲಿಂದ ಕೂಗುತ್ತಿದ್ದ. ಈಗ ರೈತರ ಸಂಘದವರು ಬೆಳೆಗೆ ಔಷಧಿ ಹೊಡೆಯಲು ಪುಟ್ಟ ವಿಮಾನವೊಂದನ್ನು ತರಿಸುತ್ತಿದ್ದರು. ಓಡಿಸ್ತೀಯಾ ಎಂದು ಅವರು ಕೇಳಿ ಮುಗಿಸುವ ಮೊದಲೇ ಅವನು ಹೂಂ ಅಂದಿದ್ದ. ಈ ತಪಾಸಣೆ ಅದಕ್ಕಾಗಿ. ಸೇನೆಯಿಂದ ತರಿಸಿದ ಅವನ ಹಳೆಯ ಕಡತ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು.

"ನನಗೆ ಯಾವತ್ತೂ ಮೂರ್ಛೆ ಬಂದಿಲ್ಲ ಡಾಕ್ಟ್ರೇ."

"ನಿಮ್ಮ ಮನೆಯವರೇ ಬರೆದಿದ್ದಾರಲ್ಲ" ಎಂದು ಅವರು ಕಡತವನ್ನು ಅವನ ಕಡೆ ತಿರುಗಿಸಿದರು.

ಗೆರೆಯಿಲ್ಲದ ಹಾಳೆಯ ಮೇಲೂ ಗೆರೆ ಹಿಡಿದಂತೆ ಸಾಗಿದ ದುಂಡು ಅಕ್ಷರ. ಬೀಜದ ಚೀಲಗಳ ಮೇಲೆ ಅವನು ದಿನವೂ ನೋಡುವ ಅಕ್ಷರ. 'ನನ್ನ ತಮ್ಮ ರಜೆಗೆ ಬಂದಾಗ ಮೂರು ಸಲ ಮೂರ್ಛೆ ಹೋಗಿ ಬಿದ್ದಿದ್ದಾನೆ. ಒಮ್ಮೆ ಬಾಯಲ್ಲಿ ನೊರೆ ಬಂದಿತ್ತು. ಅವನು ಇದನ್ನು ಮುಚ್ಚಿಡುತ್ತಿದ್ದಾನೆ. ನಾನು ತಿಳಿಸಿದೆನೆಂದು ದಯವಿಟ್ಟು ಅವನಿಗೆ ಹೇಳಬಾರದು.' ಕೆಳಗೆ ಅಣ್ಣನ ಸಹಿ.

ಡಾಕ್ಟರಮ್ಮನಿಗೆ ಅವನ ಮುಖ ನೋಡಿ ತಪ್ಪಿನ ಅರಿವಾಯಿತು. ಕಡತವನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. "ನಿಮಗೆ ಗೊತ್ತಿರತ್ತೆ ಅಂದ್ಕೊಂಡೆ. ಆಗಿನ ಪರೀಕ್ಷೆಗಳಲ್ಲೂ ಏನೂ ಸಿಕ್ಕಿಲ್ಲ. ಆದ್ರೆ ಇಂಥದ್ದೊಂದು ಕಾಗದ ಬಂದ್ಮೇಲೆ ಹಾರೋಕೆ ಬಿಡಿ ಅಂತ ಯಾರು ಸಹಿ ಹಾಕ್ತಾರೆ? ಇವತ್ತು ನಾನೂ ಹಾಕಲ್ಲ. ಬರೆದವರೇ ಇದು ಸುಳ್ಳು ಅಂತ ಬರೆದುಕೊಡಲಿ, ಆಮೇಲೆ ನೋಡೋಣ."

ಮನೆಗೆ ವಾಪಸಾಗುವ ದಾರಿಯುದ್ದಕ್ಕೂ ಅವನಿಗೆ ಊರಿಗೆ ಮರಳಿದ ಮೊದಲ ವರ್ಷದ ಒಂದು ಸಂಜೆ ನೆನಪಿಗೆ ಬರುತ್ತಿತ್ತು. ಸೇನೆಯ ಡಾಕ್ಟರುಗಳು ಕಾರಣ ಹೇಳದೆ ಹಾರಾಟ ನಿಲ್ಲಿಸಿದ್ದರಿಂದ ಸಮವಸ್ತ್ರ ಕಳಚಿಟ್ಟು ಬಂದವನು ಯಾರ ಜೊತೆಗೂ ಮಾತಾಡದೆ ಹೊಲದಂಚಿನಲ್ಲಿ ಕೂತಿದ್ದ. ಅಣ್ಣ ಬಂದು ಪಕ್ಕದಲ್ಲಿ ಕೂತು, ಹೆಗಲ ಮೇಲೆ ಕೈಹಾಕಿ, "ಆ ಡಾಕ್ಟರುಗಳ ಮನೆ ಹಾಳಾಗ. ಅವರಿಗೇನು ಗೊತ್ತು ನನ್ನ ತಮ್ಮನ ವಿಷಯ" ಎಂದು ಶಪಿಸಿದ್ದ. ಇಬ್ಬರೂ ಸೇರಿ ಶಪಿಸಿದ್ದರು. ಅಂದಿನಿಂದಲೇ ಅವನಿಗೆ ಮಣ್ಣು ಮುಟ್ಟುವ ಮನಸ್ಸಾಗಿತ್ತು.

ಅಂಗಳದಲ್ಲಿ ಈರುಳ್ಳಿ ರಾಶಿಯ ಎರಡು ಬದಿಗೆ ಅಣ್ಣ ಮತ್ತು ಪೈಲಟ್‌ನ ಹೆಂಡತಿ ಕೂತು ಒಣಗಿದ ಗರಿ ಕತ್ತರಿಸುತ್ತಿದ್ದರು.

"ಪಾಸಾ?" ಎಂದ ಅಣ್ಣ, ತಲೆ ಎತ್ತದೆ.

"ನಾನು ಮೂರು ಸಲ ಎಲ್ಲೆಲ್ಲಿ ಬಿದ್ದೆ, ಅಣ್ಣ?"

ಕತ್ತರಿ ನಿಂತಿತು. ಅಣ್ಣ ಅದನ್ನು ಗೋಣಿಚೀಲದ ಮೇಲಿಟ್ಟು, ಕೈಗೆ ಅಂಟಿದ್ದ ಸಿಪ್ಪೆಯನ್ನು ನಿಧಾನವಾಗಿ ಉದುರಿಸಿದ. ತನಗೇನೂ ಗೊತ್ತಿಲ್ಲ ಎನ್ನಬಹುದಿತ್ತು. ಹಾಗನ್ನಲಿಲ್ಲ.

"ಎಲ್ಲೂ ಬೀಳಲಿಲ್ಲ. ಒಂದು ಸಲ ಕಣ್ಣು ಕತ್ತಲಾಗಿ ಬಚ್ಚಲ ಗೋಡೆ ಹಿಡ್ಕೊಂಡೆಯಂತೆ. ಒಂದು ಸಲಕ್ಕೆ ಯಾರು ಕೇಳ್ತಾರೆ ಅಂತ ಮೂರು ಮಾಡಿದೆ."

ಬಚ್ಚಲ ಗೋಡೆಯ ವಿಷಯವನ್ನು ಅವನು ಒಬ್ಬರಿಗೆ ಮಾತ್ರ ಹೇಳಿದ್ದ, ಅದೂ ನಗುತ್ತಾ. ಪೈಲಟ್ ರಾಶಿಯ ಇನ್ನೊಂದು ಬದಿಗೆ ನೋಡಿದ.

"ನಾನೇ ಹೋಗಿ ಹೇಳಿದ್ದು" ಎಂದಳು ಹೆಂಡತಿ. "ಆ ವರ್ಷ ನಿಮ್ಮ ಜೊತೆಯವರು ಇಬ್ಬರು ವಿಮಾನ ಬಿದ್ದು ಹೋದ್ರು. ಇಬ್ಬರ ಮನೆಗೂ ನಾನು ಹೋಗಿ ಕೂತು ಬಂದಿದ್ದೆ. ಮೂರನೇದು ನಮ್ಮನೇನೇ ಅಂತ ಅನ್ನಿಸ್ತಿತ್ತು. ನಿಮಗೆ ಹೇಳಿದ್ರೆ ಕೇಳ್ತಿದ್ರಾ?"

"ಹದಿನಾಲ್ಕು ವರ್ಷ" ಎಂದ ಅವನು. "ಒಂದೇ ಅಡುಗೆಮನೆಯಲ್ಲಿ ಮೂರು ಜನ ಊಟ ಮಾಡಿದ್ವಿ."

ಅವನು ಅಣ್ಣನತ್ತ ತಿರುಗಿದ. "ಅಪ್ಪ ಹಾಸಿಗೆ ಹಿಡಿದ ವರ್ಷ ಅದು. ಹೊಲಕ್ಕೆ ನೀನೊಬ್ಬನೇ ಇದ್ದೆ. ನಿನಗೆ ನನ್ನ ಜೀವ ಬೇಕಿತ್ತೋ, ಒಂದು ಆಳು ಬೇಕಿತ್ತೋ?"

ಅಣ್ಣ "ಎರಡೂ" ಎಂದ. "ಯಾವುದು ಮೊದಲು ಅಂತ ಕೇಳಬೇಡ. ಆಗ್ಲೂ ಗೊತ್ತಾಗ್ಲಿಲ್ಲ."

"ಬರೆದದ್ದು ಸುಳ್ಳು ಅಂತ ಈಗ ಬರೆದುಕೊಡು. ನನಗೆ ಅಷ್ಟು ಸಾಕು."

ಅಣ್ಣ ಎದ್ದು ಒಳಗೆ ಹೋಗಿ ಹಾಳೆ, ಪೆನ್ನು ತಂದ. ಜಗಲಿಯ ಅಂಚಿನಲ್ಲಿ ಕೂತು, ಹಾಳೆಯನ್ನು ತೊಡೆಯ ಮೇಲೆ ನೇರ ಮಾಡಿ, ಮೇಲ್ಗಡೆ ತಾರೀಖು ಬರೆದ.

"ಬರೀಬೇಡಿ ಭಾವ" ಎಂದಳು ಹೆಂಡತಿ.

ಅವಳ ದನಿಯಲ್ಲಿ ಅಳು ಇರಲಿಲ್ಲ. ನಾಳೆ ಹಾಲಿನವನು ಬರುವುದು ಬೇಡ ಎಂದಷ್ಟೇ ಸಲೀಸಾಗಿ ಹೇಳಿದ್ದಳು. ಮತ್ತೊಂದು ಈರುಳ್ಳಿ ಎತ್ತಿಕೊಂಡು ಗರಿ ಕತ್ತರಿಸಿದಳು. ಅಣ್ಣ ಅವಳನ್ನು ನೋಡಿದ, ತಮ್ಮನನ್ನು ನೋಡಿದ. ಆಮೇಲೆ ಪೆನ್ನಿನ ಮುಚ್ಚಳ ಹಾಕಿದ.

ಪೈಲಟ್‌ಗೆ ಕಾಗದ ಓದಿದಾಗ ಬಂದ ಸಿಟ್ಟು ಈಗ ಬರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಇವರು ತನ್ನ ಕೆಲಸವನ್ನು ಬೆನ್ನ ಹಿಂದೆ ನಿಂತು ಕದ್ದಿದ್ದರು. ಈಗ ಮುಖ ನೋಡಿಯೇ ಬೇಡ ಎನ್ನುತ್ತಿದ್ದರು. ಇಬ್ಬರಲ್ಲೂ ಅವನ ಮೇಲೆ ಪ್ರೀತಿ ಇತ್ತು, ಅದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಬೈಯಲು ಬಾಯಿ ತೆರೆದರೆ ಆ ಪ್ರೀತಿಯೇ ಅಡ್ಡ ಬರುತ್ತಿತ್ತು.

ಗಾಳಿ ಎದ್ದಿತು. ಹೊಲದಾಚೆ ಆಕಾಶ ಕಪ್ಪಿಟ್ಟಿತ್ತು. ರಾಶಿ ನೆನೆದರೆ ವಾರದೊಳಗೆ ಕೊಳೆಯುತ್ತದೆ. ಯಾರೂ ಹೇಳದೆ ಮೂವರೂ ಎದ್ದರು. ಹೆಂಡತಿ ಕತ್ತರಿಗಳನ್ನು ಬಾಚಿಕೊಂಡು ಒಳಗೆ ಹೋದಳು. ಅಣ್ಣತಮ್ಮಂದಿರು ಟಾರ್ಪಾಲನ್ನು ಎರಡು ತುದಿಯಿಂದ ಹಿಡಿದು ಬೀಸಿ, ರಾಶಿಯ ಮೇಲೆ ಎಳೆದು, ಒಬ್ಬೊಬ್ಬರು ಒಂದೊಂದು ಬದಿಯ ಹಗ್ಗವನ್ನು ಗೂಟಗಳಿಗೆ ಬಿಗಿದರು.

ತನ್ನ ಬದಿ ಮುಗಿಸಿ ಪೈಲಟ್ ಸುತ್ತಿ ಬಂದು ಅಣ್ಣನ ಬದಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತ. ಆಗತಾನೆ ಅಣ್ಣ ಹಾಕಿದ್ದ ಮೊದಲ ಗಂಟನ್ನು ಬಿಚ್ಚಿದ. ಹಗ್ಗವನ್ನು ಜಗ್ಗಿ ಮತ್ತೆ ಕಟ್ಟಿದ. ಎರಡನೆಯದಕ್ಕೆ ಸರಿದ. ದಪ್ಪ ಹನಿಗಳು ಟಾರ್ಪಾಲಿನ ಮೇಲೆ ಟಪಟಪ ಬೀಳತೊಡಗಿದವು. ಅಣ್ಣ ನೆನೆಯುತ್ತ ನಿಂತು, ತನ್ನ ನಾಲ್ಕು ಗಂಟುಗಳನ್ನೂ ತಮ್ಮ ಒಂದೊಂದಾಗಿ ಬಿಚ್ಚಿ ಕಟ್ಟುವುದನ್ನು ನೋಡಿದ. ಅವುಗಳಲ್ಲಿ ಒಂದೂ ಸಡಿಲವಾಗಿರಲಿಲ್ಲ.